ಅನಿತ ಮಾತಾಡುವ ಮೊದಲು

ನಾಲೆಗೆ ನೀರು ಯಾವತ್ತು ಬಿಡುತ್ತಾರೆಂದು ರೈತರಿಗೆ ಫೋನಿನಲ್ಲಿ ತಿಳಿಸುವ ಸೇವೆಯೊಂದನ್ನು ಕೆ.ಆರ್. ಪೇಟೆಯ ತನ್ನ ಸಣ್ಣ ಆಫೀಸಿನಿಂದ ಸುದರ್ಶನ್ ನಡೆಸುತ್ತಿದ್ದ. ಅದರಲ್ಲಿ ಕೇಳಿಸುತ್ತಿದ್ದುದು ಅವನ ಜೊತೆ ಕೆಲಸಕ್ಕಿದ್ದ ಅನಿತಳ ದನಿ. ನಾಲೆಗಳ ಹೆಸರು, ವಾರ, ತಾರೀಖುಗಳನ್ನೆಲ್ಲ ಅವಳು ಬಿಡಿಬಿಡಿಯಾಗಿ ಓದಿಟ್ಟಿದ್ದಳು. ಅವನ್ನು ಜೋಡಿಸಿ ಹೇಳಿಸುವುದು ಪ್ರೋಗ್ರಾಮಿನ ಕೆಲಸ. ಜ್ವರ ಮೆದುಳಿಗೇರಿ ಅನಿತ ತೀರಿಕೊಂಡು ವರ್ಷವಾಗಿತ್ತು.

ಆ ಪ್ರೋಗ್ರಾಮು ಸದಾ ಎಚ್ಚರವಿರುವಂಥದ್ದಲ್ಲ. ಯಾರಾದರೂ ಕರೆ ಮಾಡಿದರೆ ದೂರದ ಸರ್ವರಿನಲ್ಲಿ ಏಳುತ್ತಿತ್ತು, ಕರೆ ಇಲ್ಲದಿದ್ದರೆ ಮಲಗುತ್ತಿತ್ತು. ಮಲಗಿದ ಮೇಲೆ ಬಂದ ಮೊದಲ ಕರೆಗೆ ಎದ್ದು ಉತ್ತರಿಸಲು ತಡ. ಲೈನು ಕಟ್ಟಾಯಿತೆಂದು ರೈತರು ಫೋನ್ ಇಟ್ಟುಬಿಡುತ್ತಿದ್ದರು. ಪ್ರೋಗ್ರಾಮನ್ನು ಓಡಿಸುತ್ತಿದ್ದ ಸಾಫ್ಟ್‌ವೇರಿನ ಹಳೆಯ ವರ್ಷನ್ನನ್ನು ನಿಲ್ಲಿಸುತ್ತೇವೆಂದು ಸರ್ವರ್ ಕಂಪನಿಯವರು ತಿಳಿಸಿದಾಗ ಸುದರ್ಶನ್ ಹೊಸ ವರ್ಷನ್ನುಗಳನ್ನು ಒಂದೊಂದಾಗಿ ಹಾಕಿ ನೋಡಿದ. ಒಂದಂತೂ ಹಳೆಯದಕ್ಕಿಂತ ನಿಧಾನ. ತೀರಾ ಹೊಸದು ಮಾತ್ರ ಕರೆ ಸೇರಿದೊಡನೆ ಮಾತಾಡಿತು. ಅದನ್ನೇ ಉಳಿಸಿಕೊಂಡ.

ಸ್ವಲ್ಪ ದಿನಕ್ಕೆ ಅಕ್ಕಿಹೆಬ್ಬಾಳಿನಿಂದ ಅನಿತಳ ತಾಯಿ ಮುತ್ತಮ್ಮ ಅವನ ಆಫೀಸಿಗೆ ಬಂದರು. ಫೋನಿನಲ್ಲಿ ಏನಾದರೂ ಬದಲಾಯಿಸಿದೆಯಾ ಎಂದು ಕೇಳಿದರು. ತಡವಿಲ್ಲದೆ ಮಾತಾಡುವ ಹಾಗೆ ಮಾಡಿದ್ದೇನೆಂದು ಸುದರ್ಶನ್ ಸಂತೋಷದಿಂದಲೇ ಹೇಳಿದ.

ಮುತ್ತಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಬೆಳಿಗ್ಗೆ ಫೋನ್ ಮಾಡುದ್ರೆ ಅನಿತ ಮೊದ್ಲೂ ತಕ್ಷಣ ಮಾತಾಡೋಳು ಕಣಪ್ಪ. ಮದ್ಯಾನ ಎಲ್ರೂ ಉಂಡು ಮನಗಿರೋವಾಗ ಮಾಡುದ್ರೆ ವಸಿ ತಡ್ಯೋಳು. ಎತ್ಕಂಡು ಕೇಳಿಸ್ಕತಾವ್ಳೆ ಅನ್ನಂಗಿರೋದು. 'ಉಂಡ್ಯಾ ಮಗಾ' ಅಂತಿದ್ದೆ. ಅವರಪ್ಪನ ಮಂಡಿನೋವಿನ ಇಚಾರ ಯೋಳ್ತಿದ್ದೆ. ಈಗ ನಂಗೆ ಬಾಯಿ ತೆಗಿಯಕ್ಕೂ ಬುಡಾಕಿಲ್ಲ."

ಇಷ್ಟು ತಿಂಗಳು ಸುದರ್ಶನ್ ಆ ಮೌನವನ್ನು ಬರೀ ತೊಂದರೆಯೆಂದೇ ತಿಳಿದಿದ್ದ. ನಿಮ್ಮ ನಂಬರಿನಿಂದ ಕರೆ ಬಂದಾಗ ಮಾತ್ರ ಮೊದಲಿನ ಹಾಗೇ ತಡೆದು ಮಾತಾಡಿಸಬಹುದು, ದೊಡ್ಡ ಕೆಲಸವಲ್ಲ, ಈಗಲೇ ಮಾಡುತ್ತೇನೆ ಎಂದ.

ಮುತ್ತಮ್ಮ ಕೈಚೀಲ ಎತ್ತಿಕೊಂಡು ಎದ್ದರು.

"ಬ್ಯಾಡ ಬುಡಪ್ಪ. ನೀನು ತಡುದ್ರೆ ತಡೀತಾಳೆ ಅಂತ ಗೊತ್ತಾಗೋಯ್ತಲ್ಲ. ಇನ್ ನಾನು ಯಾರ್ ಕೂಟೆ ಮಾತಾಡ್ಲಿ?"

ಅವನು ಅವರನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಹೋದ. ಬಸ್ಸು ಬರುವ ತನಕ ಇಬ್ಬರೂ ಅನಿತಳ ಸುದ್ದಿ ಎತ್ತದೆ ಮಳೆಯ ಮಾತಾಡಿದರು, ಭತ್ತದ ಸಸಿಗೆ ಒಟ್ಲು ಹಾಕಿದ್ದರ ಮಾತಾಡಿದರು.

ಆಮೇಲೆ ಮಧ್ಯಾಹ್ನದಲ್ಲಿ ಮುತ್ತಮ್ಮನವರ ನಂಬರಿನಿಂದ ಕರೆ ಬರಲಿಲ್ಲ. ನಾಟಿಯ ಕಾಲಕ್ಕೆ ಒಮ್ಮೆ ಬಂತು, ಬೆಳಗಿನ ಹೊತ್ತು, ಉಳಿದ ರೈತರ ಕರೆಗಳ ನಡುವೆ. ನೀರು ಬಿಡುವ ದಿನ ಕೇಳುವಷ್ಟು ಹೊತ್ತು ಇದ್ದು ನಿಂತಿತು.