ಕುಡುಗೋಲಿನ ಸಾಲು

೧೯೫೬ರ ಸುಗ್ಗಿ ಮುಗಿದ ಮೇಲೆ ಮೈಸೂರಿನ ಕಾಲೇಜು ಮೇಷ್ಟ್ರು ಗುರುಮಲ್ಲಯ್ಯ ಹಂಗಳ ಹಳ್ಳಿಗೆ ಬಂದು, ಕೂಲಿಕಾರರ ಸಂಘದವರ ಜೊತೆ ಸೇರಿ ಬಿಟ್ಟಿ ಚಾಕರಿಯ ಬಗ್ಗೆ ಬರೆಯತೊಡಗಿದರು. ಸಂಘದ ಮಂಚಮ್ಮ ಅವರನ್ನು ಮನೆಮನೆಗೂ ಕರೆದೊಯ್ದು ಜನರ ಬಾಯಿ ಬಿಡಿಸುತ್ತಿದ್ದಳು. ಅವಳದೊಂದೇ ಕರಾರು: ಬರೆದದ್ದನ್ನೆಲ್ಲ ಕೇರಿಯವರ ಮುಂದೆ ಓದಬೇಕು, ಅವರು ಹೂಂ ಅಂದಮೇಲೇ ಅದು ಮೈಸೂರಿಗೆ ಹೋಗಬೇಕು.

ಅಂದು ಹೊತ್ತು ನೆತ್ತಿಗೇರಿತ್ತು. ಕೇರಿಯ ಹುಣಸೆಮರದಡಿ ಮೇಷ್ಟ್ರು ಓದುತ್ತಿದ್ದರು: “ಬಿಟ್ಟಿ ಚಾಕರಿ ಒಲ್ಲೆನೆಂದ ಬೀರಯ್ಯನನ್ನು ಜಮೀನ್ದಾರರು ಕಂಬಕ್ಕೆ ಕಟ್ಟಿ ಬಾರುಕೋಲಿನಿಂದ ಹೊಡೆಸಿದರು.”

ಬೀರಯ್ಯ ಮಂಚಮ್ಮನ ಗಂಡ. “ಬಾರ್‌ಕೋಲಲ್ಲ ಸ್ವಾಮಿ, ಕಬ್ಬಿಣದ ಸಲಾಕಿ,” ಎಂದು ಅವಳು ತಿದ್ದಿದಳು.

ಅಷ್ಟರಲ್ಲಿ ಜಮೀನ್ದಾರ ಮರಿಮಲ್ಲಪ್ಪನೇ ನಾಲ್ಕು ಆಳುಗಳೊಡನೆ ಬಂದ. “ನಮ್ ಕುಲ್ದೋನಾಗಿ ಇವ್ರ ಕೇರೀಲಿ ಕುಂತು ನನ್ ಮಾನ ತೆಗೀತೀಯಾ? ಹೊಡೀರ್ಲಾ ಅವನ್ನ!”

ಮೊದಲ ದೊಣ್ಣೆ ಮೇಷ್ಟ್ರ ಬಾಯಿಗೆ ಬಿತ್ತು; ಎರಡು ಹಲ್ಲು ಉದುರಿದವು. ಅಡ್ಡ ಬಂದ ಬೀರಯ್ಯನನ್ನು ಕೆಡವಿ ತುಳಿದರು. ಒಬ್ಬ ಅವನ ಎದೆಯ ಮೇಲೆ ಕೂತು ಕಲ್ಲಿನಿಂದ ತಲೆ ಜಜ್ಜತೊಡಗಿದ. ಕಿವಿಗಳಿಂದ ರಕ್ತ ಸುರಿಯಿತು. ಮಂಚಮ್ಮನಿಗೆ ಕಣ್ಣು ಕತ್ತಲಿಟ್ಟಿತು. ಹುಲ್ಲು ಕುಯ್ಯಲು ಸೊಂಟಕ್ಕೆ ಸಿಕ್ಕಿಸಿದ್ದ ಕುಡುಗೋಲು ಕೈಗೆ ಬಂದದ್ದಷ್ಟೇ ಗೊತ್ತು. ಕಲ್ಲೆತ್ತಿದ ಆ ಕೈಯ ಮೇಲೆ ಎರಡು ಸಲ ಬೀಸಿದಳು. ಮೂರು ಬೆರಳು ಮಣ್ಣಿಗೆ ಬಿದ್ದವು. ಅವನ ಕಿರುಚಾಟ ಕೇಳಿ ಉಳಿದವರು ಓಡಿದರು.

ಎಂಟು ದಿನದ ಮೇಲೆ ಗುಂಡ್ಲುಪೇಟೆಯ ಆಸ್ಪತ್ರೆ ಜಗಲಿಯಲ್ಲಿ, ಬಾತ ತುಟಿಯಲ್ಲೇ ಮೇಷ್ಟ್ರು ಸಂಘದವರ ಮುಂದೆ ಅಂದಿನ ವಿವರ ಓದಿದರು. ಅದರಲ್ಲಿ ಕುಡುಗೋಲು ಇರಲಿಲ್ಲ.

“ನಾ ಕುಯ್ದಿದ್ದೆಲ್ಲಿ?” ಎಂದಳು ಮಂಚಮ್ಮ.

“ಬೇಡ ತಾಯಿ. ಇದು ಕೋರ್ಟಿಗೆ ಹೋಗುತ್ತೆ. ನಿನಗೆ ಜೈಲಾಗುತ್ತೆ.”

“ಅವನ ಬೆಳ್ಳು ಬಿದ್ದದ್ದ ಊರೋರೆಲ್ಲ ನೋಡವ್ರೆ. ಅದೊಂದ್ನ ಮುಚ್ಚಿಟ್ರೆ ಸಲಾಕಿನೂ ಸುಳ್ಳು ಅಂತಾರೆ ಕಣಿ ಸ್ವಾಮಿ. ಬರೀರಿ.”

ಮೇಷ್ಟ್ರು ಸಂಘದವರ ಮುಖ ನೋಡಿದರು, ಅವರೂ ಹೂಂ ಅಂದರು. ಕುಡುಗೋಲಿನ ಸಾಲನ್ನೂ ಸೇರಿಸಿ ಬರೆದರು.

ಆ ಸಾಲು ಮಂಚಮ್ಮನಿಗೆ ಆರು ತಿಂಗಳ ಜೈಲು ತಂದಿತು. ಅದೇ ಬರಹವನ್ನು ನಂಬಿ ನ್ಯಾಯಾಧೀಶರು ಮರಿಮಲ್ಲಪ್ಪನಿಗೆ ಮೂರು ವರ್ಷ ಹಾಕಿದರು. ತೀರ್ಪು ಓದಿದ್ದು ಬೀರಯ್ಯನಿಗೆ ಕೇಳಿಸಲಿಲ್ಲ. ಕಲ್ಲೇಟಿಗೆ ಅವನ ಎರಡೂ ಕಿವಿ ಹೋಗಿದ್ದವು. ಪೊಲೀಸರು ಹೆಂಡತಿಯನ್ನು ಕರೆದೊಯ್ಯತೊಡಗಿದಾಗ ಗಾಬರಿಬಿದ್ದು ಹಿಂದೆ ಓಡಿದ. ಅವಳು ತಿರುಗಿ ಆರು ಬೆರಳು ತೋರಿಸಿದಳು. ಆಮೇಲೆ, ಮನೆಗೆ ನಡಿ ಎಂದು ಹಂಗಳದ ಕಡೆ ಕೈಮಾಡಿದಳು.