ಕುದುರೆಯೋ ಕನ್ನಡಕವೋ

ಆಂಬ್ಯುಲೆನ್ಸ್ ಓಡಿಸುವ ಅವನಿಗೆ ಒಂದು ಕಡೆ ಕೂತು ಗೊತ್ತೇ ಇರಲಿಲ್ಲ. ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆಗೇ ತಿರುಗಿರುತ್ತಿತ್ತು. ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಬಂದವನು ಎಂದು ತಾಯಿ ಅಂದದ್ದನ್ನು ಆಸ್ಪತ್ರೆಯವರು ಮೊಟಕುಗೊಳಿಸಿ ಬರೀ ಚಕ್ರ ಎಂದು ಕರೆದರು. ಕಡೆಗೆ ಸಂಬಳ ಕೊಡುವ ಗುಮಾಸ್ತನಿಗೂ ಅವನ ನಿಜವಾದ ಹೆಸರು ಮರೆತುಹೋಗಿತ್ತು.

ಆ ಊರಿನಲ್ಲಿ ಆ ಕೆಲಸ ಮಾಡುವವರಿಗೆ ಒಂದು ದೊಡ್ಡ ತಲೆನೋವಿತ್ತು. ನದಿಯ ಈ ದಡದಲ್ಲೊಂದು ಚೌಕ, ಆ ದಡದಲ್ಲೊಂದು ಚೌಕ. ಎರಡಕ್ಕೂ ಅಕ್ಷರಕ್ಕೆ ಅಕ್ಷರ ಒಂದೇ ಹೆಸರು. ಆದರೆ ಹೆಸರು ಕೊಟ್ಟ ಮಹನೀಯರು ಬೇರೆ ಬೇರೆ. ಈ ದಡದವನು ಮುನ್ನೂರು ವರ್ಷದ ಹಿಂದೆ ಶತ್ರುಗಳನ್ನು ಹೊಳೆಯಾಚೆ ಅಟ್ಟಿದ ದಂಡನಾಯಕ. ಚೌಕದ ನಡುವೆ ಅವನು ಕುದುರೆ ಏರಿದ ಪ್ರತಿಮೆಯಾಗಿ ನಿಂತಿದ್ದ. ಆ ದಡದವನು ಪ್ಲೇಗು ಬಂದ ವರ್ಷ, ಸ್ವಂತ ಮಕ್ಕಳೇ ಹೆತ್ತವರನ್ನು ಬಿಟ್ಟು ಓಡುವಾಗ, ಮನೆಮನೆಗೆ ಹೋಗಿ ಮದ್ದು ಕೊಟ್ಟು ಕೊನೆಗೆ ಅದೇ ರೋಗಕ್ಕೆ ಬಲಿಯಾದ ವೈದ್ಯ. ದುಂಡು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಇಬ್ಬರಿಗೂ ನೆಂಟಸ್ತನವಿಲ್ಲ, ಒಬ್ಬರ ಕಾಲದಲ್ಲಿ ಇನ್ನೊಬ್ಬರಿಲ್ಲ. ಹಿಂದೆ ಎರಡೂ ದಡ ಬೇರೆ ಬೇರೆ ಊರುಗಳಾಗಿದ್ದಾಗ ಯಾರಿಗೂ ತೊಂದರೆ ಇರಲಿಲ್ಲ. ಸೇತುವೆಯಾಗಿ ಎರಡೂ ಒಂದೇ ಊರಾದ ಮೇಲೆ ಶುರುವಾಯಿತು ಪಜೀತಿ. ಮದುವೆಗೆ ಹೊರಟ ಸೋದರಮಾವ ಬೇರೆ ಯಾರದೋ ಮದುವೆಯಲ್ಲಿ ಉಂಡು, ಉಡುಗೊರೆ ಕೊಟ್ಟು, ಹುಡುಗಿ ಯಾಕೋ ಬಡವಾಗಿದ್ದಾಳೆ ಎಂದು ಮರುಗಿ ಬಂದ ಕತೆಯನ್ನು ಊರವರು ಈಗಲೂ ಹೇಳಿ ನಗುತ್ತಾರೆ. ದಾರಿ ಕೇಳಿದವರಿಗೆ ಜನ ತಿರುಗಿ ಕೇಳುತ್ತಿದ್ದುದು ಒಂದೇ, "ಕುದುರೆಯೋ, ಕನ್ನಡಕವೋ?"

ಅದೊಂದು ಸಂಜೆ ಕರೆ ಬಂದಾಗ ಚಕ್ರ ಗಾಡಿಯ ಬಾಗಿಲಿಗೆ ಒರಗಿ ಚಹಾ ಕುಡಿಯುತ್ತಿದ್ದ. ಕರೆ ಕೇಂದ್ರದ ಹುಡುಗಿ ವೈರ್‌ಲೆಸ್ಸಿನಲ್ಲಿ ಚೌಕದ ಹೆಸರು ಹೇಳಿ, "ಕಟಿಂಗ್ ಶಾಪು. ಅಂಗಡಿಯವರೇ ಬಿದ್ದುಬಿಟ್ಟಿದಾರೆ" ಎಂದಳು.

"ಯಾವ ಚೌಕ?"

"ದೊಡ್ಡೋರ ಪ್ರತಿಮೆ ಎದುರು ಅಂದ್ರು. ತುಂಬಾ ಅಳ್ತಿದ್ರು, ಲೈನ್ ಕಟ್ಟಾಯ್ತು. ಒಂದ್ನಿಮಿಷ ತಡೀರಿ, ವಾಪಸ್ ಮಾಡಿ ಕೇಳ್ತೀನಿ."

ತಡೆಯುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಕುದುರೆ ಚೌಕದ ಕ್ಷೌರಿಕ ಮುದುಕ, ಕೆಮ್ಮು ಬೇರೆ, ಅವನೇ ಇರಬೇಕು. ಚಹಾ ಚೆಲ್ಲಿ ಗಾಡಿ ಎಬ್ಬಿಸಿದ. ಸೈರನ್ ಸದ್ದಿನಲ್ಲಿ ಹುಡುಗಿ ಆಮೇಲೆ ತಡೀರಿ ತಡೀರಿ ಎಂದು ಕೂಗಿದ್ದು ಕಿವಿಗೆ ಬೀಳಲಿಲ್ಲ.

ಕುದುರೆ ಚೌಕದಲ್ಲಿ ಮುದುಕ ಕ್ಷೌರಿಕ ಗಿರಾಕಿಯ ಕಿವಿಯ ಹಿಂದೆ ರೇಜರ್ ಆಡಿಸುತ್ತ ಕಲ್ಲುಗುಂಡಿನ ಹಾಗೆ ನಿಂತಿದ್ದ. ಸ್ಟ್ರೆಚರ್ ಕಂಡು, "ಯಾರಿಗಪ್ಪಾ ಇದು? ನಂಗಿನ್ನೂ ಟೈಮಿದೆ" ಎಂದ. ಚಕ್ರ ಸ್ಟ್ರೆಚರನ್ನು ಮತ್ತೆ ಒಳಗೆ ತಳ್ಳಿದ. ಗಾಡಿ ತಿರುಗಿಸಿದ. ಸೇತುವೆಯ ಮೇಲೆ ಆಫೀಸು ಬಿಟ್ಟ ವಾಹನಗಳು ಇರುವೆ ಸಾಲಿನಂತೆ ನಿಂತಿದ್ದವು. ಸೈರನ್ ಬಾಯಿ ಬಡಿದುಕೊಂಡಿತು, ಅವನು ಸ್ಟಿಯರಿಂಗ್ ಬಡಿದ, ಮುಂದಿನ ಬಸ್ಸಿನವನು ಎಲ್ಲಿಗೆ ಹೋಗಲಿ ಎಂದು ಎರಡೂ ಕೈ ಎತ್ತಿದ.

ಕನ್ನಡಕ ಚೌಕಕ್ಕೆ ಮುಟ್ಟಿದಾಗ ಆ ಅಂಗಡಿಯ ಕ್ಷೌರಿಕ ನೆಲದ ಮೇಲೆ, ಕತ್ತರಿಸಿ ಬಿದ್ದ ಕೂದಲಿನ ನಡುವೆ ಮಲಗಿದ್ದ. ಹೆಂಡತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಬಾಯಿ ಒಂದು ಕಡೆಗೆ ಎಳೆದಿತ್ತು. ಅರ್ಧ ಕೂದಲು ಕತ್ತರಿಸಿಕೊಂಡ ಗಿರಾಕಿಯೊಬ್ಬ ಬಿಳಿ ಬಟ್ಟೆ ಕಟ್ಟಿಕೊಂಡೇ ಅವನಿಗೆ ಗಾಳಿ ಬೀಸುತ್ತಿದ್ದ. ಆ ಹೆಂಗಸು ಬೈಯಲಿಲ್ಲ. ಒಮ್ಮೆ ತಲೆಯೆತ್ತಿ ನೋಡಿದಳು, ಅಷ್ಟೆ.

ಕ್ಷೌರಿಕ ಬದುಕಿಕೊಂಡ. ಆದರೆ ಲಕ್ವ ಹೊಡೆದು ಬಲಗೈ ಹೋಯಿತು. "ಇನ್ನೊಂಚೂರು ಮುಂಚೆ ಬಂದಿದ್ರೆ" ಎಂದ ಡಾಕ್ಟರು ಮಾತನ್ನು ಅಲ್ಲಿಗೇ ನುಂಗಿದರು. ಅವರು ನುಂಗಿದ ಮಾತನ್ನು ಚಕ್ರ ದಾರಿಯುದ್ದಕ್ಕೂ ತಾನೇ ಪೂರ್ತಿ ಮಾಡಿಕೊಂಡ.

ವಿಚಾರಣೆಯಾಯಿತು. ಚಾಲಕನದು ತಪ್ಪಿಲ್ಲ, ಗೊಂದಲ ಹೆಸರಿನದು ಎಂದು ತೀರ್ಮಾನವಾಯಿತು. ಮೇಲಧಿಕಾರಿ ಬೆನ್ನು ತಟ್ಟಿದರು. ಒಂದು ನಿಮಿಷ ತಡೆಯಿರಿ ಎಂದಿದ್ದ ಹುಡುಗಿಯ ಮಾತನ್ನು ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅಂದಿನಿಂದ ಅವನಿಗೆ ಆ ಹೆಸರಿನ ಮೇಲೆ ಹಗೆ ಹುಟ್ಟಿತು. ಎರಡರಲ್ಲಿ ಒಂದು ಹೆಸರು ಹೋಗಲೇಬೇಕು ಎಂದು ಟೊಂಕ ಕಟ್ಟಿದ.

ಮೊದಲು ದಂಡನಾಯಕರ ಅಭಿಮಾನಿ ಸಂಘಕ್ಕೆ ಹೋದ. ಅಧ್ಯಕ್ಷರು ವಕೀಲರು, ಮಾತು ಬೆಣ್ಣೆ. "ಪಾಪ, ಆಗಬಾರದಿತ್ತು. ಖಂಡಿತ ಬದಲಾಗ್ಬೇಕು" ಎಂದರು. ಚಕ್ರನ ಮುಖ ಅರಳಿತು. "ಆ ದಡದ್ದು" ಎಂದು ಮುಗಿಸಿದರು. "ನಮ್ಮವರು ಇಲ್ಲದಿದ್ರೆ ಈ ಊರೆಲ್ಲಿತ್ತು? ಊರೇ ಇಲ್ಲದಿದ್ರೆ ಅವರ ವೈದ್ಯರು ಮದ್ದು ಕೊಡ್ತಿದ್ದದ್ದು ಯಾರಿಗೆ?"

ವೈದ್ಯರ ಸ್ಮಾರಕ ಸಮಿತಿಯ ಕಾರ್ಯದರ್ಶಿ ನಿವೃತ್ತ ಅಧ್ಯಾಪಕಿ. ಕಡ್ಡಿ ಮುರಿದಂತೆ ಮಾತು. "ಪ್ರಾಣ ತೆಗೆದೋನು ದೊಡ್ಡೋನೋ, ಪ್ರಾಣ ಕೊಟ್ಟೋನು ದೊಡ್ಡೋನೋ? ನೀನೇ ಆಂಬ್ಯುಲೆನ್ಸ್ ಓಡಿಸ್ತೀಯಲ್ಲ, ನೀನೇ ಹೇಳು."

"ಅಮ್ಮಾ, ನಂಗೆ ಇಬ್ರೂ ದೊಡ್ಡೋರೇ. ಹೆಸರಿಗೆ ಒಂದು 'ವೈದ್ಯ' ಅಂತ ಸೇರಿಸಿದ್ರೂ ಸಾಕು."

"ಅವರು ಸೇರಿಸ್ಲಿ, ಕತ್ತಿ ಅಂತ."

ಅವನು ಬಿಡಲಿಲ್ಲ. ಕೆಲಸ ಮುಗಿದರೆ ಈ ದಡ, ರಜೆ ಬಂದರೆ ಆ ದಡ. ನಗರಸಭೆಯ ಮೆಟ್ಟಿಲು ಹತ್ತಿ ಇಳಿದ. ಈ ಕಡೆಯವರು ಆ ಕಡೆಯ ಬಾಲಬಡುಕ ಎಂದರು, ಆ ಕಡೆಯವರು ಈ ಕಡೆಯ ಚೇಲಾ ಎಂದರು. ಒಂದು ಬೆಳಿಗ್ಗೆ ಅವನ ಸ್ಕೂಟರಿನ ಎರಡೂ ಚಕ್ರದ ಗಾಳಿ ಹೋಗಿತ್ತು. ಮುಂದಿನ ಚಕ್ರ ಒಬ್ಬರು, ಹಿಂದಿನ ಚಕ್ರ ಇನ್ನೊಬ್ಬರು ಬಿಟ್ಟಿರಬೇಕು, ಇಷ್ಟರಲ್ಲಾದರೂ ಎರಡು ದಡ ಒಂದಾದವಲ್ಲ ಎಂದು ಪಕ್ಕದ ಮನೆಯವನು ನಕ್ಕ. ಚಕ್ರನಿಗೆ ನಗು ಬರಲಿಲ್ಲ. ಅನ್ನ ಸೇರುತ್ತಿರಲಿಲ್ಲ. ಮಲಗಿದರೆ ಸೇತುವೆ, ಕಣ್ಣು ಬಿಟ್ಟರೆ ಸೇತುವೆ.

ಅವನ ಹೆಂಡತಿ ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಒಂದು ಭಾನುವಾರ ಅವನು ಚಪ್ಪಲಿ ಮೆಟ್ಟುತ್ತಿರುವಾಗ ಯಂತ್ರ ನಿಲ್ಲಿಸಿ ಕೇಳಿದಳು.

"ಎಲ್ಲಿಗೆ?"

"ನಗರಸಭೆ ಸದಸ್ಯರು ಮನೇಲಿ ಸಿಗ್ತಾರಂತೆ."

"ಊರೆಲ್ಲ ಸುತ್ತಿದ್ರಲ್ಲ, ಆ ಕ್ಷೌರದವರ ಮನೆಗೆ ಒಂದ್ಸಲ ಹೋದ್ರಾ?"

ಅವನು ಬಗ್ಗಿದವನು ಬಗ್ಗಿದ ಹಾಗೇ ನಿಂತ.

"ಸತ್ತು ಎಷ್ಟೋ ಕಾಲ ಆದೋರ ಹಿಂದೆ ಬಿದ್ದಿದೀರಿ" ಎಂದಳು ಅವಳು. ದನಿ ಏರಿಸಲಿಲ್ಲ. "ಬದುಕಿರೋರ ಮುಖ ನೋಡೋಕೆ ಆಗಲ್ಲ ನಿಮಗೆ." ಯಂತ್ರ ಮತ್ತೆ ಗರಗರ ತಿರುಗಿತು.

ಹೋಗುವುದೋ ಬೇಡವೋ ಎಂದುಕೊಳ್ಳುತ್ತಲೇ ಸೇತುವೆ ದಾಟಿದ. ಕನ್ನಡಕ ಚೌಕದಲ್ಲಿ ಅಂಗಡಿ ಅರ್ಧ ತೆರೆದಿತ್ತು. ಒಳಗೆ ಗಿರಾಕಿಗಳಿರಲಿಲ್ಲ. ಗೂಟಕ್ಕೆ ಒಂದು ಕೆಂಪು ಬಲೂನು ಕಟ್ಟಿತ್ತು. ಬಲೂನಿನ ಮೈಗೆಲ್ಲ ಸೋಪಿನ ನೊರೆ. ಕ್ಷೌರಿಕ ಎಡಗೈ ಪಳಗಿಸಲೆಂದು ಅದರಲ್ಲಿ ರೇಜರ್ ಹಿಡಿದು, ಉಸಿರು ಬಿಗಿಹಿಡಿದು, ನೊರೆ ಕೆರೆಯುತ್ತಿದ್ದ. ಬಲಗೈ ಬೇರೆ ಯಾರದೋ ಎಂಬಂತೆ ಪಕ್ಕದಲ್ಲಿ ಜೋತಿತ್ತು. ಚಕ್ರ ಹೊಸ್ತಿಲಲ್ಲಿ ಕಾಲಿಟ್ಟ ಗಳಿಗೆಗೇ ಬಲೂನು ಢಬ್ ಎಂದು ಒಡೆಯಿತು. ಇಬ್ಬರ ಮುಖಕ್ಕೂ ನೊರೆ ಹಾರಿತು.

"ಇವತ್ತಿಂದು ನಾಕನೇದು" ಎಂದಳು ಮೂಲೆಯಲ್ಲಿ ಟವೆಲು ಮಡಚುತ್ತಿದ್ದ ಹೆಂಡತಿ. ಆಮೇಲೆ ಬಂದವನು ಯಾರೆಂದು ಗುರುತಾಗಿ, ಮಡಚಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಚತೊಡಗಿದಳು.

"ಅಣ್ಣಾ, ಆವತ್ತು ತಡವಾಗಿ ಬಂದೋನು ನಾನೇ" ಎಂದ ಚಕ್ರ.

"ಗೊತ್ತು." ಕ್ಷೌರಿಕನ ಮಾತು ಬಾಯಿಯ ಒಂದೇ ಬದಿಯಿಂದ ಹೊರಳಿ ಬರುತ್ತಿತ್ತು. "ಕೂತ್ಕೋ."

"ಇಲ್ಲ, ನಾನು ಬಂದಿದ್ದು..."

"ಗಡ್ಡ ಬೆಳೆದಿದೆ. ಕೂತ್ಕೋ."

ಹೆಂಡತಿ ಗಾಬರಿಯಿಂದ ಎದ್ದಳು. "ಬೇಡಾರೀ, ಬಲೂನೇ ನಿಲ್ತಿಲ್ಲ!"

"ಬಲೂನಿಗೆ ಮೂಳೆ ಇಲ್ಲ ಕಣೇ" ಎಂದ ಕ್ಷೌರಿಕ. "ಮೂಳೆ ಇಲ್ದೇ ಹೇಗೆ ಹಿಡಿತ ಸಿಗ್ಬೇಕು?"

ಚಕ್ರ ಕೂತ. ಕತ್ತಿನ ಸುತ್ತ ಬಟ್ಟೆ ಬಿತ್ತು, ಕೆನ್ನೆಗೆ ತಣ್ಣನೆಯ ನೊರೆ ಬಿತ್ತು. ಕನ್ನಡಿಯಲ್ಲಿ ರೇಜರ್ ನಡುಗುತ್ತ ಹತ್ತಿರ ಬರುವುದು ಕಾಣುತ್ತಿತ್ತು. ಅವನ ಮೊಣಕಾಲು ತಾನಾಗಿ ಕುಣಿಯತೊಡಗಿತು.

"ಅಲ್ಲಾಡ್ಬೇಡ. ನನ್ ಕೈ ಅಲ್ಲಾಡ್ತಿದೆ, ನೀನೂ ಅಲ್ಲಾಡಿದ್ರೆ ಕಿವಿ ಹೋಗುತ್ತೆ."

ಎರಡೂ ಕೈಯಿಂದ ಕುರ್ಚಿಯ ಹಿಡಿ ಹಿಡಿದು ಮೊಣಕಾಲು ನಿಲ್ಲಿಸಿದ. ಅಷ್ಟು ಹೊತ್ತು ಅವನು ಎಲ್ಲೂ ಹಾಗೆ ಕೂತವನಲ್ಲ. ರೇಜರ್ ಒಂದು ಗೆರೆ ಇಳಿಯಿತು, ನಿಂತಿತು, ಇನ್ನೊಂದು ಗೆರೆ ಇಳಿಯಿತು. ದವಡೆಯ ಹತ್ತಿರ ಚುರ್ ಎಂದಿತು. ಕ್ಷೌರಿಕ ಪಟಿಕ ಒತ್ತಿ ಮುಂದುವರಿಸಿದ. ಕದಲಲು ಆಗದವನ ಬಾಯಿಂದ ಮಾತು ತಾನಾಗಿ ಬಂತು.

"ಹೆಸರಿಂದ ಆಗಿದ್ದಲ್ಲ ಅಣ್ಣಾ. ಒಂದ್ನಿಮಿಷ ತಡಿ, ಕೇಳಿ ಹೇಳ್ತೀನಿ ಅಂದ್ಲು ಆ ಹುಡುಗಿ. ನಾನು ತಡೀಲಿಲ್ಲ."

ರೇಜರ್ ನಿಂತಿತು. ಹಿಂದಿನಿಂದ ಬಿಕ್ಕಿದ ಸದ್ದು. ಕ್ಷೌರಿಕನ ಹೆಂಡತಿ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

"ಫೋನ್ ಮಾಡಿದ್ದು ನಾನು" ಎಂದಳು. "ಕನ್ನಡಕ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಹುಟ್ಟಿದಾಗಿಂದ ಈ ದಡದೋಳು ನಾನು, ನಮಗೆ ದೊಡ್ಡೋರು ಅಂದ್ರೆ ಇವರೊಬ್ಬರೇ. ದೊಡ್ಡೋರ ಪ್ರತಿಮೆ ಅಂದ್ಬಿಟ್ಟೆ. ಆಮೇಲೆ ಫೋನು ಎಲ್ಲಿ ಬಿಸಾಕಿದ್ನೋ, ಅದು ಹೊಡ್ಕೋತಾನೇ ಇತ್ತು, ನಾನು ಎತ್ಲಿಲ್ಲ. ಇವರಿಗೆ ಇನ್ನೂ ಹೇಳಿರ್ಲಿಲ್ಲ."

ಕ್ಷೌರಿಕ ಕನ್ನಡಿಯಲ್ಲೇ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದ.  ಅವನ ಮುಖದ ಅರ್ಧದಲ್ಲಿ ಮಾತ್ರ ಸಿಟ್ಟೋ ದುಃಖವೋ ಕಾಣುತ್ತಿತ್ತು, ಇನ್ನರ್ಧ ಕಲ್ಲಾಗಿತ್ತು.

"ನನ್ ಕೈ ಹೋಗಿದ್ದು ಹೋಯ್ತು" ಎಂದ ಕೊನೆಗೆ. "ನೀವಿಬ್ರೂ ಅದನ್ನ ಹಂಚ್ಕೊಂಡು ಅಳ್ತಾ ಕೂತ್ರೆ ವಾಪಸ್ ಬರಲ್ಲ. ಸಿಟ್ಟು ಬರಲ್ಲ ಅಂತ ಹೇಳಲ್ಲ ನಾನು. ದಿನಾ ಬೆಳಿಗ್ಗೆ ಅಂಗಿ ಗುಂಡಿ ಹಾಕ್ಕೊಳ್ಳುವಾಗ ಬರುತ್ತೆ." ರೇಜರನ್ನು ಎಡಗೈಯಲ್ಲಿ ಸರಿ ಮಾಡಿಕೊಂಡ. "ಗಲ್ಲ ಎತ್ತು."

ಬಲಗೆನ್ನೆ ಮುಗಿಯುವಷ್ಟರಲ್ಲಿ ಅವನ ಕೈ ಸೋತು ತೊಯ್ದ ಬಟ್ಟೆಯಾಯಿತು. ರೇಜರ್ ಕೆಳಗಿಟ್ಟು, "ಇವತ್ತಿಗೆ ಇಷ್ಟೇ. ಇನ್ನೊಂದು ಕೆನ್ನೆಗೆ ನಾಳೆ ಬಾ" ಎಂದ.

ಮಾರನೆಯ ಬೆಳಿಗ್ಗೆ ಅರ್ಧ ಗಡ್ಡದಲ್ಲೇ ಚಕ್ರ ಕ್ಷೌರಿಕನ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕರೆ ಕೇಂದ್ರಕ್ಕೆ ಹೋದ. ಮೇಲಧಿಕಾರಿಯ ಮುಂದೆ, ಆ ಹುಡುಗಿಯ ಮುಂದೆ, ತಾನು ತಡೆಯದೆ ಹೋದದ್ದನ್ನು ಒದರಿದ. ಕ್ಷೌರಿಕನ ಹೆಂಡತಿ ತನ್ನದನ್ನು ಹೇಳಿದಳು. ಹುಡುಗಿ ತಲೆ ತಗ್ಗಿಸಿ ಅತ್ತಳು. ಅಷ್ಟು ದಿನ ಅವಳೂ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಅಧಿಕಾರಿ ಅವನ ಅರ್ಧ ಗಡ್ಡದಿಂದ ಕಣ್ಣು ಕೀಳಲಾಗದೆ, ನಗುವುದೋ ಗದರುವುದೋ ತಿಳಿಯದೆ, ಅವನನ್ನು ಒಂದು ವಾರ ಗಾಡಿಯಿಂದ ಇಳಿಸಿದರು. ಅದೇ ದಿನ ಆಜ್ಞೆಯೂ ಹೊರಟಿತು: ಚೌಕದ ಕರೆ ಬಂದರೆ ಹೆಸರು ಕೇಳುವಂತಿಲ್ಲ, ಕುದುರೆಯೋ ಕನ್ನಡಕವೋ ಎಂದೇ ಕೇಳಬೇಕು, ಉತ್ತರ ಸಿಗದಿದ್ದರೆ ಎರಡೂ ದಡದಿಂದ ಒಂದೊಂದು ಗಾಡಿ ಹೊರಡಬೇಕು.

ಸಂಘ ಮತ್ತು ಸಮಿತಿ ಸುಮ್ಮನಿರಲಿಲ್ಲ. ಮಹಾಪುರುಷರನ್ನು ಪ್ರಾಣಿಯ ಹೆಸರಿನಿಂದ, ಸಾಮಾನಿನ ಹೆಸರಿನಿಂದ ಕರೆಯುವುದು ಅವಮಾನ ಎಂದು ಇಬ್ಬರೂ ದೂರು ಕೊಟ್ಟರು. ಚೌಕಗಳ ಹೆಸರು ಹಾಗೆಯೇ ಉಳಿಯಿತು, ದೂರುಗಳೂ ಉಳಿದವು.

ಚಕ್ರ ಅಂದು ಸಂಜೆ ಎಡಗೆನ್ನೆ ಒಡ್ಡಿಕೊಂಡು ಕೂತ. ಮುಂದಿನ ವಾರವೂ ಹೋದ, ಅದರ ಮುಂದಿನ ವಾರವೂ. ಅವನ ಮುಖದ ಗಾಯ ಕಡಿಮೆಯಾಗುತ್ತ ಬಂದಂತೆ ಅಂಗಡಿಗೆ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಒಂದು ದಿನ ಅವನು ಹೋದಾಗ ಬೆಂಚಿನಲ್ಲಿ ಮೂವರು ಕಾಯುತ್ತಿದ್ದರು. ಕ್ಷೌರಿಕ ತಿರುಗಿಯೂ ನೋಡದೆ, "ಸರದಿ ಇದೆ, ಕೂತಿರು" ಎಂದ. ಚಕ್ರ ಬೆಂಚಿನ ತುದಿಯಲ್ಲಿ ಕೂತ. ಎದ್ದು ಬಾಗಿಲವರೆಗೆ ಹೋದ. ಮತ್ತೆ ಬಂದು ಕೂತ.