ದಿನಕ್ಕೆ ಹದಿಮೂರು

ಆ ಹಾಸುಬಟ್ಟೆಯ ಮಡಿಕೆ ಸರಿಯಿಲ್ಲ, ಅಂಚಿಗೆ ಅಂಚು ಕೂಡಿಲ್ಲ, ಯಾರೋ ಅವಸರದಲ್ಲಿ ಮಡಚಿ ಬಿಸಾಕಿದ್ದಾರೆ, ತಳ್ಳುಗಾಡಿ ಮುಂದೆ ಹೋಯಿತು, ಅದರ ಮೇಲಿನ ಬಿಳಿ ರಾಶಿಯೆಲ್ಲ ಹಾಗೇ, ನಮ್ಮ ಲಾಂಡ್ರಿಯಲ್ಲಾಗಿದ್ದರೆ ಅಕ್ಕ ಎತ್ತಿ ವಾಪಸ್ಸು ಎಸೆಯುತ್ತಿದ್ದಳು, ಇದೇನು ಮಡಚಿದ್ದಾ ಇಲ್ಲ ಇದರ ಮೇಲೆ ಮಲಗಿ ಎದ್ದಿದ್ದಾ ಅಂತ — ಥೂ ನನ್ನ, ಅಕ್ಕ ಆ ಬಾಗಿಲಿನ ಆಚೆ ಮಲಗಿದ್ದಾಳೆ, ಕಣ್ಣಿನ ಬಿಳಿಯೆಲ್ಲ ಹಳದಿ ತಿರುಗಿದೆ, ನಾನಿಲ್ಲಿ ಬೆಂಚಿನ ಮೇಲೆ ಕೂತು ಆಸ್ಪತ್ರೆ ಬಟ್ಟೆಯಲ್ಲಿ ತಪ್ಪು ಹುಡುಕುತ್ತಿದ್ದೇನೆ. ನಾಲ್ಕು ಅಂದುಬಿಟ್ಟೆ. ಡಾಕ್ಟರಮ್ಮ ಕೇಳಿದಾಗ ನಾಲಿಗೆ ತಾನಾಗಿಯೇ ನಾಲ್ಕು ಅಂದಿತು, ದಿನಕ್ಕೆ ಎಷ್ಟು ಮಾತ್ರೆ ತಗೊಂಡಿದಾರೆ, ನೋವಿಗೋ ಜ್ವರಕ್ಕೋ ಯಾವುದಾದ್ರೂ ಸರಿ, ನೆನಪು ಮಾಡ್ಕೊಂಡು ಹೇಳಿ, ಇದು ತುಂಬಾ ಮುಖ್ಯ, ಅಂತ ಪೆನ್ನು ಹಿಡಿದು ಕಾದರು, ಅಕ್ಕನ ಗಂಡ, ನನ್ನ ಭಾವ, ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದರು, ಮೂರು ದಿನ ಲಾರಿ ತಗೊಂಡು ಊರಾಚೆ ಹೋಗಿದ್ದವರು, ಏನೂ ಗೊತ್ತಿಲ್ಲದವರು, ನಾನು ನಾಲ್ಕು ಅಂದೆ, ಜ್ವರಕ್ಕೆ, ಅಷ್ಟೇ. ಬೇರೇನೂ ಇಲ್ವಾ. ಇಲ್ಲ. ಬರೆದುಕೊಂಡರು. ನಾಲ್ಕಕ್ಕೆ ಲಿವರ್ ಹೀಗಾಗಲ್ವಲ್ಲ, ಬೇರೆ ಏನೋ ಇರಬೇಕು, ನೋಡ್ತೀವಿ, ಅಂತ ಒಳಗೆ ಹೋದರು. ಹೋಗಿ ಒಂದು ಗಂಟೆಯಾಯಿತು. ಅಕ್ಕನ ರಕ್ತ ತೆಗೆದು ಇಲ್ಲದ ಕಾಯಿಲೆಗಳನ್ನೆಲ್ಲ ಹುಡುಕುತ್ತಿದ್ದಾರೆ, ಇರುವುದು ನನ್ನ ಜೇಬಿನಲ್ಲಿದೆ.

ಜೇಬಿನಲ್ಲಿ ಗುಂಡಿ ಡಬ್ಬಿ, ಗಿರಾಕಿಗಳ ಅಂಗಿಯಿಂದ ಉದುರಿದ ಗುಂಡಿ ಹಾಕಿಡುವುದಕ್ಕೆ ಅಂತ ಇಟ್ಟುಕೊಂಡ ಚಪ್ಪಟೆ ತಗಡಿನ ಡಬ್ಬಿ, ಈಗ ಅದರಲ್ಲಿ ಗುಂಡಿಗಿಂತ ಮಾತ್ರೆಯೇ ಜಾಸ್ತಿ, ಇಡೀ ಮಾತ್ರೆ ಪಟ್ಟಿ ಅದರಲ್ಲಿ ಹಿಡಿಸುವುದಿಲ್ಲ, ಅದಕ್ಕೇ ಕತ್ತರಿಯಿಂದ ಪಟ್ಟಿಯನ್ನು ಒಂದೊಂದೇ ಮಾತ್ರೆಯ ಚೂರಾಗಿ ಕತ್ತರಿಸುತ್ತೇನೆ, ಹೆಸರು ಬರೆದ ಅಂಚು ಕಸದ ಬುಟ್ಟಿಗೆ, ಹೆಸರು ಕಟ್ಟಿಕೊಂಡು ನಮಗೇನಾಗಬೇಕು, ನಮ್ಮ ಹೆಸರು ನಮಗಿದೆ, ಸೊಂಟದ್ದು, ನೆಗಡಿದು, ಜ್ವರದ್ದು, ಸೊಂಟದ್ದರ ಮೂಲೆ ದುಂಡಗೆ ಕತ್ತರಿಸುತ್ತೇನೆ, ನೆಗಡಿದು ಮೂರು ಮೂಲೆ, ಜ್ವರದ್ದು ಚೌಕ, ಹಬೆಯಲ್ಲಿ ಕನ್ನಡಕ ಮಂಜಾದರೂ ಬೆರಳಿಗೆ ತಿಳಿಯಬೇಕಲ್ಲ, ಎಂಥ ತಲೆ ನೋಡು ಇವನದು ಅಂತ ಎಲ್ಲರೂ ಹೊಗಳಿದ್ದರು, ನಾನು ಉಬ್ಬಿದ್ದೆ. ಲಾಂಡ್ರಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ, ಡಾಕ್ಟ್ರೇ ಅಂತಲೇ ಕರೆಯುವುದು, ಡಾಕ್ಟ್ರೇ ಭುಜ ಬಿದ್ದೋಗ್ತಿದೆ, ಡಾಕ್ಟ್ರೇ ಇವತ್ತು ಮೊಣಕೈ, ಸೂಪರ್‌ವೈಸರ್ ಕೂಡ ಬೆಳಿಗ್ಗೆ ಬಂದು ಡಾಕ್ಟ್ರೇ ಒಂದು ತಲೆಗೆ ಅಂದರೆ ನಾನು ಡಬ್ಬಿ ಅಲ್ಲಾಡಿಸಿ, ನಾಲಿಗೆ ತೋರಿಸಿ ನೋಡೋಣ, ಅಂತ ತಮಾಷೆ ಮಾಡುತ್ತಿದ್ದೆ, ನಗು. ನೋವಿಲ್ಲದವರು ಅಲ್ಲಿ ಯಾರಿದ್ದಾರೆ, ಒದ್ದೆ ಹಾಸುಬಟ್ಟೆ ಒಂದು ರಾಶಿ ಎತ್ತಿದರೆ ಸೊಂಟ ಕಳಚಿ ಕೈಗೆ ಬಂದ ಹಾಗಾಗುತ್ತದೆ, ಇಸ್ತ್ರಿ ಮಾಡುವ ಬಿಸಿ ರೋಲರಿಗೆ ಬಟ್ಟೆ ಕೊಡುವುದಕ್ಕೆ ಇಬ್ಬರು ಬೇಕು, ಒಬ್ಬರು ಆ ಮೂಲೆ, ಒಬ್ಬರು ಈ ಮೂಲೆ, ಹನ್ನೊಂದು ವರ್ಷದಿಂದ ಆ ಮೂಲೆ ಅಕ್ಕನದು, ಈ ಮೂಲೆ ನನ್ನದು, ಅವಳು ಜಗ್ಗುವ ಹದ ನನಗೆ ಗೊತ್ತು, ನಾನು ಬಿಡುವ ಹದ ಅವಳಿಗೆ ಗೊತ್ತು, ಮಾತೇ ಬೇಡ. ಬೇರೆಯವರ ಜೊತೆ ನಿಂತರೆ ಬಟ್ಟೆ ಸೊಟ್ಟ ಹೋಗುತ್ತದೆ, ಅವರು ಜಗ್ಗಿದ ರಭಸಕ್ಕೆ ನನ್ನ ಬಲಭುಜ ಚೀರುತ್ತದೆ. ಹಾಂ, ಅಲ್ಲೇ ಇರುವುದು ನಿಜ, ಬಲಭುಜ, ಬೇರೆಲ್ಲ ಆಮೇಲೆ.

ಯಾಕೆಂದರೆ ಸೋಮವಾರ ಅಕ್ಕ ರಜೆ ಹಾಕುತ್ತೇನೆ ಅಂದಿದ್ದಳು. ಮೈ ಕಾದಿದೆ ಕಣೋ, ಮೂಗು ಕಟ್ಟಿದೆ, ಸೊಂಟ ಅಂತೂ ಕೇಳಲೇಬೇಡ, ಒಂದೆರಡು ದಿನ ಮಲಗ್ತೀನಿ, ಅಂದಳು, ಗೇಟಿನ ಹತ್ತಿರ, ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು, ತಿರುಗಿದ್ದರೆ ಮನೆ, ನಾನೇ ತಡೆದೆ. ಮಲಗಿದ್ರೆ ಇನ್ನೂ ಜಾಸ್ತಿಯಾಗತ್ತೆ ಕಣೇ, ನಾನಿಲ್ವಾ, ಮೂರಕ್ಕೂ ಮೂರು ಹಾಕ್ಕೋ, ಎದ್ದು ಓಡ್ತೀಯ. ಅವಳಿಗಾಗಿ ಅಂದೆನಾ, ನನ್ನ ಭುಜಕ್ಕಾಗಿ ಅಂದೆನಾ, ಅವತ್ತು ನನ್ನನ್ನು ಯಾರೂ ಕೇಳಲಿಲ್ಲ, ಇವತ್ತು ನಾನೇ ಕೇಳಿಕೊಳ್ಳುತ್ತಿದ್ದೇನೆ, ಉತ್ತರ ಗೊತ್ತಿದ್ದೂ ಕೇಳುತ್ತಿದ್ದೇನೆ. ಅವಳು ರೋಲರಿನ ಆ ಕಡೆ ನಿಂತಳು, ಬೆವರು ಒರೆಸಿಕೊಂಡಳು, ಬಟ್ಟೆಯ ಮೂಲೆಯಿಂದ ಒಂದು ಕೈ ಬಿಟ್ಟು ನನ್ನ ಕಡೆ ಚಾಚಿದಳು, ಕಣ್ಣು ರೋಲರಿನ ಮೇಲೇ, ನನ್ನನ್ನು ನೋಡಲೂ ಇಲ್ಲ, ಅಂಗೈ ಮೇಲೆ ಮಾಡಿ ಚಾಚಿದಳು, ನಾನು ಇಟ್ಟೆ, ಯಾವುದು ಎಷ್ಟು ಅಂತ ಒಂದು ಮಾತು ಕೇಳಲಿಲ್ಲ, ಬಾಯಿಗೆ ಹಾಕಿಕೊಂಡು ನೀರು ಕುಡಿದು ಮತ್ತೆ ಮೂಲೆ ಹಿಡಿದಳು. ಮಧ್ಯಾಹ್ನ ಮತ್ತೆ. ಊಟದ ಡಬ್ಬಿ ತೆರೆದು ವಾಸನೆಗೇ ಮುಚ್ಚಿಟ್ಟಳು, ಬರೀ ಟೀ ಕುಡಿದಳು, ಖಾಲಿ ಹೊಟ್ಟೆಗೆ ಬೇಡ ಅಂತ ಮೊದಲೆಲ್ಲ ಎಲ್ಲರಿಗೂ ಹೇಳುತ್ತಿದ್ದವನು ನಾನೇ, ಅವತ್ತು ಹೇಳಲಿಲ್ಲ, ಸಾಯಂಕಾಲದೊಳಗೆ ದೊಡ್ಡ ಹೋಟೆಲಿನ ಬಟ್ಟೆ ಮುಗಿಯಬೇಕಿತ್ತು. ಸಂಜೆ ಮನೆಗೆ ಹೊರಡುವಾಗ ಕಾಗದದಲ್ಲಿ ಕಟ್ಟಿ ಕೊಟ್ಟೆ, ಮಲಗೋ ಮುಂಚೆ ಇದು, ಬೆಳಿಗ್ಗೆ ಎದ್ದ ತಕ್ಷಣ ಇದು. ಮಂಗಳವಾರ ಹಾಗೇ. ಬುಧವಾರ ವಾಂತಿ ಅಂದಳು, ಅಯ್ಯೋ ಅದು ಗ್ಯಾಸು ಕಣೇ ಅಂದೆ, ನಾನು ಅಂದೆ, ಡಾಕ್ಟ್ರು ಅಂದರು. ಸೊಂಟದ್ದು ಎರಡೆರಡು, ಮೂರು ಹೊತ್ತು, ಅಲ್ಲಿಗೆ ಆರು. ನೆಗಡಿದು ಮೂರು, ಒಂಬತ್ತು. ಜ್ವರದ್ದು ನಾಲ್ಕು, ಹದಿಮೂರು. ದಿನಕ್ಕೆ ಹದಿಮೂರು, ಮೂರು ದಿನ, ಊಟ ಇಲ್ಲ, ಅಕ್ಕ ಇರುವುದೇ ಒಂದು ಹಿಡಿ. ನಾನು ಹೇಳಿದ್ದು ನಾಲ್ಕು.

ಆದರೆ ಹೇಳಿದಾಗ ಅದು ಪೂರ್ತಿ ಸುಳ್ಳು ಅಂತ ನನಗೆ ಅನ್ನಿಸಿರಲಿಲ್ಲ, ಇದನ್ನು ಯಾರು ನಂಬುತ್ತಾರೆ, ಬೈಸಿಕೊಳ್ಳುವುದು ಯಾಕೆ, ಸೊಂಟದ್ದು ಸೊಂಟಕ್ಕೆ ಹೋಗುತ್ತದೆ, ನೆಗಡಿದು ಮೂಗಿಗೆ, ಲಿವರಿಗೂ ಇದಕ್ಕೂ ಏನು ಸಂಬಂಧ ಅಂತಲೇ ಇತ್ತು ತಲೆಯಲ್ಲಿ, ಆದರೂ ಟೀ ಕುಡಿದು ಬರ್ತೀನಿ ಭಾವ ಅಂತ ಎದ್ದು ಎದುರಿನ ಮೆಡಿಕಲ್ ಅಂಗಡಿಗೆ ಹೋದೆ. ಅಲ್ಲಿದ್ದ ಹೆಂಗಸು ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡಿದ್ದಳು, ಡಬ್ಬಿಯಿಂದ ಮೂರು ಚೂರು ಅವಳ ಮುಂದಿಟ್ಟೆ, ಇವು ಮೂರೂ ಬೇರೆ ಬೇರೆ ತಾನೇ ಅಂದೆ. ಇದೇನ್ರೀ ಹೆಸರೇ ಇಲ್ಲ, ಇಲಿ ಕಡಿದಿದ್ಯಾ, ಅಂದಳು, ಆದರೂ ಬಣ್ಣ ನೋಡಿ, ಅಳಿದುಳಿದ ಅಕ್ಷರ ನೋಡಿ, ಬೀರುವಿನಿಂದ ಅವೇ ಮೂರು ಇಡೀ ಪಟ್ಟಿಗಳನ್ನು ತೆಗೆದು ಬೋರಲು ಹಾಕಿದಳು, ಸಣ್ಣಕ್ಷರದ ಮೇಲೆ ಉಗುರು ಇಟ್ಟಳು, ಓದಿ. ಪ್ಯಾರಾಸಿಟಮಾಲ್. ಎರಡನೆಯದು, ಓದಿ. ಪ್ಯಾರಾಸಿಟಮಾಲ್, ಜೊತೆಗೆ ಇನ್ನೊಂದೇನೋ. ಮೂರನೆಯದು. ಓದಲಿಲ್ಲ, ಅವಳೇ ಓದಿದಳು. ಮುಂದೆ ಒಂದೊಂದು ಹೆಸರು, ಹಿಂದೆ ಎಲ್ಲಾ ಅದೇ ಕಣ್ರೀ, ಒಂದು ತಗೊಂಡ್ರೆ ಇನ್ನೊಂದು ಬೇಡ, ದೊಡ್ಡವರಾದ್ರೂ ದಿನಕ್ಕೆ ಇಷ್ಟು ಅಂತ ಮಿತಿ ಇದೆ, ಸಣ್ಣ ಮೈಯವರಿಗೆ, ಊಟ ಬಿಟ್ಟವರಿಗೆ ಅದಕ್ಕಿಂತ ಕಮ್ಮಿ, ನೋವಿಂದು ಬೇರೆ ಜಾತಿ ಒಂದಿದೆ, ಅದನ್ನ ಇದರ ಜೊತೆ ಕೊಡ್ತಾರೆ, ಹೊಟ್ಟೆ ತುಂಬಿರಬೇಕು, ನಾಲ್ಕು ದಿನ ಅಷ್ಟೇ, ಅದೂ ಎಲ್ಲರಿಗೂ ಅಲ್ಲ, ಕೇಳಿ ತಗೋಬೇಕು, ನಿಮ್ಮ ಈ ದುಂಡಗಿನದರಲ್ಲಿ ಆ ನೋವಿಂದೂ ಇದೆ ಇದೂ ಇದೆ, ಅದರ ಮೇಲೆ ಮತ್ತೆ ಇದೇ, ಮತ್ತೆ ಇದೇ ಹಾಕಿದ್ರೆ ಲಿವರೇ ಹೋಗತ್ತೆ — ಯಾರಿಗೆ ಬೇಕಿತ್ತು, ನಿಮಗಾ. ಅವಳು ಮುಖ ಎತ್ತಿ ನೋಡಿದಳು, ನಾನು ಡಬ್ಬಿ ಬಾಚಿಕೊಂಡು ಓಡಿದೆ, ರಸ್ತೆ ದಾಟಿದ್ದು ನೆನಪಿಲ್ಲ, ಕಾರಿನವನೊಬ್ಬ ಬೈದದ್ದು ನೆನಪಿದೆ.

ಓಡಿ ಬಂದವನು ಬಾಗಿಲು ತಳ್ಳಬೇಕಿತ್ತು, ತಳ್ಳದೆ ಮತ್ತೆ ಈ ಬೆಂಚಿನ ಮೇಲೆ ಕೂತಿದ್ದೇನೆ, ಭಾವನ ಪಕ್ಕ, ಅರ್ಧ ಗಂಟೆಯಾಯಿತಾ, ಇನ್ನೂ ಜಾಸ್ತಿಯಾ, ಹೇಡಿ, ಹೇಡಿ ನನ್ನ ಮಗನೇ, ಎದ್ದೇಳು, ಡಾಕ್ಟರಮ್ಮ ತಾವಾಗಿ ತಿಳಿದುಕೊಳ್ಳಲಿ, ಅಷ್ಟು ಓದಿದವರು, ರಕ್ತದಲ್ಲಿ ಸಿಕ್ಕೇ ಸಿಗುತ್ತದೆ, ನಾನು ಹೇಳಲೇಬೇಕಾಗಿಲ್ಲ — ಸಿಗದಿದ್ದರೆ. ಸಿಗುವುದು ತಡವಾದರೆ. ಭಾವ ಕೇಳಿದರು, ಟೀ ಕುಡಿದ್ಯಾ. ಹೂಂ ಅಂದೆ. ನನ್ನ ಬೆನ್ನ ಮೇಲೆ ಕೈ ಇಟ್ಟು, ನೀನಿದ್ಯಲ್ಲ, ನನಗೆ ಅದೇ ಧೈರ್ಯ, ಮೂರು ದಿನ ನೀನೇ ನೋಡ್ಕೊಂಡಿದೀಯ, ಅಂದರು. ಅದಕ್ಕಿಂತ ಕೆನ್ನೆಗೆ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು. ಈ ಮನುಷ್ಯನ ಎದುರು ಬಾಯಿ ಬಿಡುವುದು ಹೇಗೆ, ಲಾಂಡ್ರಿಗೆ ಸುದ್ದಿ ಹೋಗುತ್ತದೆ, ಡಾಕ್ಟ್ರು ಅಂತ ಇನ್ನು ಯಾರೂ ಕರೆಯುವುದಿಲ್ಲ, ಅಥವಾ ಅದೇ ಹೆಸರಿನಲ್ಲೇ ಕರೆಯುತ್ತಾರೆ, ಅದು ಇನ್ನೂ ಕೆಟ್ಟದ್ದು — ನೋಡು, ಈಗಲೂ ನನ್ನ ಮಾನದ ಚಿಂತೆ, ಅಕ್ಕ ಒಳಗೆ ಹಳದಿಯಾಗುತ್ತಿದ್ದಾಳೆ, ನನಗೆ ಅಡ್ಡಹೆಸರಿನ ಚಿಂತೆ. ಕಣ್ಣು ಮುಚ್ಚಿದರೆ ಅವಳ ಅಂಗೈ, ಹಬೆಗೆ ಬೆಂದು ಗೆರೆ ಅಳಿಸಿಹೋದ ಅಂಗೈ, ಹೆಬ್ಬೆರಳ ಬುಡದಲ್ಲಿ ರೋಲರ್ ಸುಟ್ಟ ಹಳೆ ಗುರುತು, ಸೋಮವಾರ ಚಾಚಿದಳು, ಮಂಗಳವಾರ ಚಾಚಿದಳು, ಬುಧವಾರ ವಾಂತಿ ಮಾಡಿ ಬಂದು ಬಾಯಿ ಒರೆಸಿಕೊಂಡು ಚಾಚಿದಳು, ಒಂದು ಸಲವಾದರೂ ಕೇಳಬಾರದಿತ್ತೇನೇ ಅಕ್ಕ, ಇದೇನೋ ಅಂತ ಒಂದೇ ಒಂದು ಸಲ, ಕೇಳಿದ್ದರೆ ನಾನು ಏನಂತ ಹೇಳುತ್ತಿದ್ದೆ, ಗೊತ್ತಿರಲಿಲ್ಲವಲ್ಲ, ಗೊತ್ತಿದೆ ಅಂತ ಹೇಳುತ್ತಿದ್ದೆ. ಭಾವ, ಅಂದೆ. ಏನೋ. ನಾಲ್ಕಲ್ಲ ಭಾವ. ಏನು ನಾಲ್ಕಲ್ಲ. ಹದಿಮೂರು. ಅವರಿಗೆ ಅರ್ಥವಾಗಲಿಲ್ಲ, ಅರ್ಥವಾಗುವಷ್ಟರಲ್ಲಿ ನಾನು ಎದ್ದಿದ್ದೆ, ಬಾಗಿಲು ತಳ್ಳಿದ್ದೆ, ಒಳಗೆ ಬರಬೇಡಿ ಅಂತ ಯಾರೋ ಕೂಗಿದರು, ಡಾಕ್ಟರಮ್ಮ ತಿರುಗಿದರು, ಡಬ್ಬಿ ಮುಚ್ಚಳ ತೆಗೆದು ಮೇಜಿನ ಮೇಲೆ ಸುರಿದೆ, ಮಾತ್ರೆ, ಗುಂಡಿ, ಗುಂಡಿಗಳು ಉರುಳಿ ನೆಲಕ್ಕೆ ಬಿದ್ದವು, ದಿನಕ್ಕೆ ದುಂಡಗಿರೋದು ಆರು, ಮೂರು ಮೂಲೆದು ಮೂರು, ಚೌಕದ್ದು ನಾಲ್ಕು, ಸೋಮವಾರದಿಂದ, ಹೊಟ್ಟೆಗೆ ಏನೂ ಇಲ್ಲ, ಎಲ್ಲ ನಾನೇ ಕೊಟ್ಟಿದ್ದು, ಮೂರೂ ಒಂದೇ ಅಂತೆ, ನನಗೆ ಗೊತ್ತಿರಲಿಲ್ಲ, ಸುಳ್ಳು ಹೇಳಿದೆ, ಬೈಯಿರಿ. ಬೈಯಲಿಲ್ಲ. ಕೊನೇ ಸಲ ಎಷ್ಟು ಹೊತ್ತಿಗೆ, ಅಂತ ಮಾತ್ರ ಕೇಳಿದರು. ಇವತ್ತು ಬೆಳಿಗ್ಗೆ ಆರಕ್ಕೆ, ನಿನ್ನೆ ಕಟ್ಟಿಕೊಟ್ಟದ್ದು. ನರ್ಸಿಗೆ ಏನೋ ಔಷಧಿ ಹೆಸರು ಹೇಳಿ, ಬೇಗ, ಅಂದರು. ಆಮೇಲೆ ನನ್ನ ಕಡೆ ನೋಡಿ, ಇದಕ್ಕೆ ಮದ್ದಿದೆ, ಈಗ ಶುರು ಮಾಡ್ತೀವಿ, ಆಗಲೇ ಹೇಳಿದ್ರೆ ಒಳ್ಳೇದಿತ್ತು, ಎರಡು ದಿನ ಕಳೀದೆ ಏನೂ ಹೇಳೋಕಾಗಲ್ಲ. ಬಾಗಿಲ ಹತ್ತಿರ ಭಾವ ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು, ನನ್ನನ್ನು ನೋಡದೆ ಬಗ್ಗಿ ನೆಲದ ಮೇಲಿನ ಗುಂಡಿಗಳನ್ನು ಒಂದೊಂದಾಗಿ ಆರಿಸುತ್ತಿದ್ದರು.

ಎರಡು ನಿಮಿಷ ಬಿಟ್ಟಿದ್ದಾರೆ, ಮಾತಾಡಿಸಿ ಸುಸ್ತು ಮಾಡಬೇಡಿ ಅಂದಿದ್ದಾರೆ, ಬಾಟಲಿಯಿಂದ ಹನಿ ಇಳಿಯುತ್ತಿದೆ, ಎಡಗೈಗೆ ಸೂಜಿ ಚುಚ್ಚಿ ಅಂಟು ಹಾಕಿದ್ದಾರೆ, ಅಕ್ಕ ಕಣ್ಣು ಮುಚ್ಚಿದ್ದಾಳೆ, ಹೇಳಬೇಕು, ಅವಳಿಗೂ ಹೇಳಬೇಕು, ನಾನೇ ಕಣೇ, ನನ್ನ ಭುಜಕ್ಕೋಸ್ಕರ ನಿನ್ನ ನಿಲ್ಲಿಸಿಕೊಂಡೆ ಕಣೇ, ಗೇಟಿನಿಂದಲೇ ಕಳಿಸಿಬಿಟ್ಟಿದ್ದರೆ — ಅಕ್ಕಾ ಅಂತ ಅಷ್ಟೇ ಬಂತು. ದನಿ ಗುರುತು ಹಿಡಿದಳು, ಕಣ್ಣು ತೆರೆಯಲಿಲ್ಲ, ತುಟಿ ಒಣಗಿದೆ, ಬಂದ್ಯೇನೋ, ಅಂದಳು, ಈ ಹಾಸಿಗೆ ಒಳ್ಳೆ ಕಲ್ಲು ಕಣೋ, ಸೊಂಟ ಹಿಡ್ಕೊಂಡುಬಿಟ್ಟಿದೆ, ಇವರು ಏನೂ ಕೊಡ್ತಿಲ್ಲ, ನಿನ್ನ ಹತ್ರ ಏನಾದ್ರೂ ಇದ್ಯಾ. ಅಂದಳು, ಸೂಜಿಯಿಲ್ಲದ ಬಲಗೈ ಹೊದಿಕೆಯಿಂದ ಆಚೆ ಬಂತು, ನಿಧಾನವಾಗಿ ಹೊರಳಿತು, ನನ್ನ ಕಡೆ, ನನ್ನನ್ನು ನೋಡದೆ, ಇಲ್ಲ ಕಣೇ ಅನ್ನಬೇಕು, ಇನ್ನು ಯಾವತ್ತೂ ಇಲ್ಲ ಅನ್ನಬೇಕು, ಕಾಯುತ್ತಿದ್ದಾಳೆ, ನಾನು ಏನಿಟ್ಟರೂ ನುಂಗುತ್ತಾಳೆ, ಈಗಲೂ ನುಂಗುತ್ತಾಳೆ, ಬೆರಳು ಮಡಚಿಲ್ಲ, ಅಂಗೈ ಮೇಲೆ, ಅಂಗೈ ತೆರೆದೇ ಇದೆ, ಅಂಗೈ